ಹಳೆಯ ಪಿಕಪ್ಪಿನ ಸ್ಟೇರಿಂಗ್ ಕಂಬ: ಬಿಚ್ಚುವ ಬಗೆ, ಜೋಡಿಸುವ ಬಗೆ

ಕಾರವಾರ, ಅಂಕೋಲಾ ತಾಲೂಕುಗಳ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಜಾಗಕ್ಕೆ ಪಿಕಪ್ ಗಾಡಿ ಬಂದು ಬಹಳ ಕಾಲವಾಯಿತು. ಮೇ ತಿಂಗಳಲ್ಲಿ ಕರಿ ಇಶಾಡ ಮಾವು, ಮಳೆಗೆ ಮೊದಲು ಗೊಬ್ಬರದ ಚೀಲ, ಸುಗ್ಗಿಯಲ್ಲಿ ಭತ್ತ, ವರ್ಷವಿಡೀ ತೆಂಗಿನಕಾಯಿ, ಹುಲ್ಲು, ಚಿರೇಕಲ್ಲು, ನಡುವೆ ಯಾರದೋ ಮದುವೆಯ ಪಾತ್ರೆ ಪಗಡಿ, ಎಲ್ಲವನ್ನೂ ಇದೇ ಹೊರಬೇಕು. ಹೊಸ ಗಾಡಿ ಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಇನ್ನೊಬ್ಬರು ಹತ್ತು ಹದಿನೈದು ವರ್ಷ ದುಡಿಸಿದ ಗಾಡಿಯನ್ನು ನಾವು ಕೊಂಡು ಮತ್ತೆ ಹತ್ತು ವರ್ಷ ದುಡಿಸುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಗಾಡಿಯ ಎಂಜಿನ್ನಿಗೆ ಕೊಡುವ ಗಮನದ ಕಾಲುಭಾಗವನ್ನೂ ನಾವು ಸ್ಟೇರಿಂಗಿಗೆ ಕೊಡುವುದಿಲ್ಲ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಸ್ಟೇರಿಂಗ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ತುಂಬಿದ ಗಾಡಿ ಅರಬೈಲು ಘಟ್ಟದ ತಿರುವಿನಲ್ಲಿ ಇಳಿಯುತ್ತಿರುವಾಗ ಚಕ್ರ ಮಾತು ಕೇಳದೆ ಹೋದರೆ ಏನಾದೀತೆಂದು ನಿಮಗೆ ಹೇಳಬೇಕಾಗಿಲ್ಲ.

ಈ ವಾರ ಸ್ಟೇರಿಂಗಿನ ಕಂಬದ ವಿಷಯ ನೋಡೋಣ. ಚಾಲಕ ಕೈಯಲ್ಲಿ ಹಿಡಿಯುವ ಚಕ್ರದಿಂದ ಹಿಡಿದು ನೆಲಹಾಸಿನ ಕೆಳಗಿರುವ ಸ್ಟೇರಿಂಗ್ ಪೆಟ್ಟಿಗೆಯವರೆಗೆ ಇರುವ ಭಾಗವಿದು. ಗ್ಯಾರೇಜಿನವರು ಕಾಲಮ್ ಎನ್ನುವುದು ಇದನ್ನೇ. ಇದನ್ನು ಬಿಚ್ಚಿ, ತೊಳೆದು, ಸವೆದ ಬುಶ್ ಬದಲಿಸಿ ಮತ್ತೆ ಕೂಡಿಸುವ ಕೆಲಸವನ್ನು ಪಾನಾ ಹಿಡಿದು ಅಭ್ಯಾಸವಿರುವ ರೈತರು ಒಂದು ಬಿಡುವಿನ ದಿನದಲ್ಲಿ ಮಾಡಬಹುದು. ಸ್ವತಃ ಮಾಡದಿದ್ದರೂ ಚಿಂತೆಯಿಲ್ಲ. ಕೆಲಸ ಹೇಗೆ ನಡೆಯುತ್ತದೆಂದು ಗೊತ್ತಿದ್ದರೆ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಏನು ನೋಡಬೇಕು, ಏನು ಕೇಳಬೇಕು ಎಂಬುದಾದರೂ ತಿಳಿಯುತ್ತದೆ.

ಕರಾವಳಿಯ ಗಾಡಿಗೇ ಈ ರೋಗ ಏಕೆ?

ಘಟ್ಟದ ಮೇಲಿನ ಗಾಡಿಗಿಂತ ನಮ್ಮ ಗಾಡಿಯ ಕಂಬ ಬೇಗ ಹಾಳಾಗುತ್ತದೆ. ಮೊದಲನೆಯ ಕಾರಣ ಉಪ್ಪು ಗಾಳಿ. ಮಾಜಾಳಿಯಿಂದ ಬೆಲೇಕೇರಿಯವರೆಗೆ ಸಮುದ್ರ ಹೆದ್ದಾರಿಗೆ ಅಂಟಿಕೊಂಡೇ ಇದೆ. ಎರಡನೆಯದು ಮಳೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಊರಿನಲ್ಲಿ ನಾಲ್ಕು ತಿಂಗಳು ಗಾಡಿಯ ನೆಲಹಾಸು ಒಣಗುವುದೇ ಇಲ್ಲ. ಮೂರನೆಯದು, ಮತ್ತು ಎಲ್ಲಕ್ಕಿಂತ ಕೆಟ್ಟದ್ದು, ಮೀನಿನ ಬಾಡಿಗೆ. ಬೈತಕೋಲದಿಂದಲೋ ಬೆಲೇಕೇರಿಯಿಂದಲೋ ಮೀನು ತುಂಬಿದಾಗ ಮಂಜುಗಡ್ಡೆ ಕರಗಿದ ಉಪ್ಪು ನೀರು ಹಲಗೆ ಸಂದಿಯಿಂದ ಚಾಸಿಗೆ ಇಳಿಯುತ್ತದೆ. ಬಂದರಿನ ಕಟ್ಟೆಯ ಮೇಲೆ ನಿಂತ ಅದೇ ನೀರನ್ನು ಮುಂದಿನ ಗಾಲಿಗಳು ಎರಚುತ್ತವೆ. ಗಜನಿ ಗದ್ದೆಯ ದಂಡೆಯಲ್ಲಿ ಓಡಾಡುವ ಗಾಡಿಗೂ ಇದೇ ಗತಿ.

ಕಂಬವು ನೆಲಹಾಸನ್ನು ದಾಟಿ ಕೆಳಗಿಳಿಯುವ ಜಾಗದಲ್ಲಿ ಒಂದು ರಬ್ಬರ್ ಟೋಪಿ ಇರುತ್ತದೆ. ಹಳೆಯ ಗಾಡಿಗಳಲ್ಲಿ ಇದು ಹರಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಆ ಸಂದಿಯಿಂದ ಕೆಸರು ನೀರು ಮೇಲೇರಿ ಕಂಬದ ಕೆಳಬುಶ್ಶನ್ನೂ ಕ್ರಾಸನ್ನೂ ತಿನ್ನುತ್ತದೆ. ಕೆಲವೇ ರೂಪಾಯಿಯ ಟೋಪಿ ಹಾಕದೆ ಸಾವಿರಾರು ರೂಪಾಯಿಯ ಸಾಮಾನು ಕಳೆದುಕೊಳ್ಳುವವರೇ ನಮ್ಮಲ್ಲಿ ಹೆಚ್ಚು.

ನಿಮ್ಮ ಗಾಡಿ ಯಾವ ಜಾತಿಯದು?

ಕೈ ಹಾಕುವ ಮೊದಲು ಇದನ್ನು ತಿಳಿಯಿರಿ. ಹಳೆಯ ಪಿಕಪ್ಪುಗಳಲ್ಲಿ ಕಂಬ ಎರಡು ಬಗೆ.

ಮೊದಲನೆಯದು ಜೀಪಿನ ಬಗೆ. ಮಹೀಂದ್ರದವರು 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲೀಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಆ ಜೀಪಿನ ಸ್ಟೇರಿಂಗ್ ರಾಸ್ ಎಂಬ ಹೆಸರಿನ ಕ್ಯಾಮ್ ಮತ್ತು ಲಿವರ್ ಪದ್ಧತಿಯದು. ಇದರಲ್ಲಿ ಚಕ್ರದಿಂದ ಪೆಟ್ಟಿಗೆಯವರೆಗೆ ಒಂದೇ ಉದ್ದನೆಯ ದಂಡ, ಅದರ ಕೆಳತುದಿಯಲ್ಲೇ ತಿರುಪಿನ ಆಕಾರದ ಕ್ಯಾಮ್. ನಡುವೆ ಕೀಲಿಲ್ಲ. ಜೀಪಿನ ಮೈಕಟ್ಟಿನ ಮೇಲೆ ಹಿಂದೆ ಡಬ್ಬಿ ಕಟ್ಟಿ ಪಿಕಪ್ ಮಾಡಿಕೊಂಡ ಗಾಡಿಗಳು ನಮ್ಮ ಕಡೆ ಈಗಲೂ ಅಲ್ಲೊಂದು ಇಲ್ಲೊಂದು ತೋಟದ ಕೆಲಸಕ್ಕೆ ಓಡುತ್ತಿವೆ.

ಎರಡನೆಯದು ಕೀಲಿನ ಬಗೆ. ಇದರಲ್ಲಿ ಮೇಲಿನ ದಂಡ ಬೇರೆ, ಪೆಟ್ಟಿಗೆ ಬೇರೆ. ನಡುವೆ ಕ್ರಾಸ್ ಇರುವ ಒಂದೆರಡು ಕೀಲು, ಅಥವಾ ರಬ್ಬರ್ ಬಿಲ್ಲೆಯ ಜೋಡಣೆ. 1988ರಲ್ಲಿ ಟಾಟಾದವರ ಟಾಟಾಮೊಬೈಲ್ ಬಂತು, 2000ದಲ್ಲಿ ಬೊಲೆರೊ ಹೆಸರು ಬಂತು. ಆ ಮೇಲೆ ಬಂದ ಪಿಕಪ್ಪುಗಳಲ್ಲಿ ನೀವು ಸಾಮಾನ್ಯವಾಗಿ ಕಾಣುವುದು ಕೀಲಿನ ಬಗೆಯನ್ನೇ. ಗಾಡಿಯ ಕೆಳಗೆ ಬಗ್ಗಿ, ಒಬ್ಬರಿಂದ ಚಕ್ರ ತಿರುಗಿಸಿ ನೋಡಿದರೆ ಯಾವ ಬಗೆಯೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ಚಕ್ರದ ನಡುವೆ ಏರ್‌ಬ್ಯಾಗ್ ಇರುವ ಹೊಸ ಗಾಡಿಯಾದರೆ ಈ ಲೇಖನ ನಿಮಗಲ್ಲ. ಅದರೊಳಗೆ ಸಿಡಿಯುವ ಮದ್ದಿದೆ. ಕಂಪನಿಯ ಗ್ಯಾರೇಜಿಗೇ ಒಯ್ಯಿರಿ.

ರೋಗ ಎಲ್ಲಿದೆ ನೋಡಿ, ಆಮೇಲೆ ಬಿಚ್ಚಿ

ಸ್ಟೇರಿಂಗ್ ಆಡುತ್ತದೆ ಎಂದ ಕೂಡಲೇ ಕಂಬ ಬಿಚ್ಚುವುದು ತಲೆನೋವಿಗೆ ಕಾಲು ನೀವಿದಂತೆ. ಅನೇಕ ಸಲ ದೋಷ ಕಂಬದಲ್ಲಿ ಇರುವುದೇ ಇಲ್ಲ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳು ನೆಟ್ಟಗೆ ಇರಲಿ. ಚಕ್ರವನ್ನು ಒಂದು ಬೆರಳಿನಿಂದ ಎಡಕ್ಕೂ ಬಲಕ್ಕೂ ನಿಧಾನ ಆಡಿಸಿ. ಗಾಲಿ ಅಲುಗುವ ಮೊದಲು ಚಕ್ರ ಎಷ್ಟು ಸುಮ್ಮನೆ ತಿರುಗಿತು ಎಂಬುದೇ ಅದರ ಆಟ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಈ ಆಟ 30 ಡಿಗ್ರಿ ಮೀರಕೂಡದು. 30 ಡಿಗ್ರಿ ಎಂದರೆ ಗೋಡೆ ಗಡಿಯಾರದಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗೆ ಇರುವ ದೂರ. ನಿಮ್ಮ ಚಕ್ರದ ಅಡ್ಡಳತೆ 42 ಸೆಂಟಿಮೀಟರ್ ಇದ್ದರೆ ಅದರ ಅಂಚಿನಲ್ಲಿ ಇದು 11 ಸೆಂಟಿಮೀಟರ್ ಆಗುತ್ತದೆ. ಇದು ಕಾನೂನಿನ ಕೊನೆಯ ಗಡಿ. ಘಟ್ಟ ಹತ್ತಿಳಿಯುವ ಗಾಡಿಗೆ ಅಷ್ಟು ಆಟ ಬರುವವರೆಗೆ ಕಾಯಬಾರದು. ನಾಲ್ಕು ಬೆರಳಿನ ಅಗಲ ದಾಟಿತೆಂದರೆ ಕಾರಣ ಹುಡುಕತಕ್ಕದ್ದು. ಅದೇ ನಿಯಮದಲ್ಲಿ ಇನ್ನೂ ಎರಡು ಮಾತಿದೆ. ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ತಾವಾಗಿ ಕಳಚದಂತೆ ಭದ್ರಪಡಿಸಿರಬೇಕು. ಫಿಟ್‌ನೆಸ್ ಪರೀಕ್ಷೆಯಲ್ಲಿ ಇದನ್ನೂ ನೋಡುತ್ತಾರೆ.

ಈಗ ಒಬ್ಬರನ್ನು ಚಕ್ರದ ಬಳಿ ಕೂಡಿಸಿ, ಮೆಲ್ಲನೆ ಆಡಿಸುತ್ತಿರಲು ಹೇಳಿ. ನೀವು ಕೆಳಗೆ ಹೋಗಿ ಒಂದೊಂದೇ ಕೀಲನ್ನು ಕೈಯಿಂದ ಮುಟ್ಟಿ ನೋಡಿ. ಮೇಲಿನ ದಂಡ ತಿರುಗಿ ಕೀಲಿನ ಕೆಳಗಿನ ದಂಡ ತಿರುಗದಿದ್ದರೆ ಕ್ರಾಸ್ ಸವೆದಿದೆ. ದಂಡ ತಿರುಗಿ ಪೆಟ್ಟಿಗೆಯ ಡ್ರಾಪ್ ಆರ್ಮ್ ಅಲುಗದಿದ್ದರೆ ದೋಷ ಪೆಟ್ಟಿಗೆಯೊಳಗೆ. ಡ್ರಾಪ್ ಆರ್ಮ್ ಅಲುಗಿ ಅದಕ್ಕೆ ಸೇರಿದ ರಾಡು ಅಲುಗದಿದ್ದರೆ ಬಾಲ್ ಜಾಯಿಂಟು. ರಾಡೂ ಅಲುಗಿ ಗಾಲಿ ಅಲುಗದಿದ್ದರೆ ಟೈರಾಡಿನ ತುದಿ ಅಥವಾ ಕಿಂಗ್ ಪಿನ್ ಕಡೆ ನೋಡಿ. ಪೆಟ್ಟಿಗೆಯೇ ಚಾಸಿನ ಮೇಲೆ ಕದಲುತ್ತಿದ್ದರೆ ಅದರ ಬೋಲ್ಟು ಸಡಿಲವಾಗಿದೆ, ಇಲ್ಲವೇ ಚಾಸಿನ ಆ ಭಾಗವೇ ತುಕ್ಕು ಹಿಡಿದು ಬಿರಿದಿದೆ. ನಮ್ಮ ಕರಾವಳಿಯಲ್ಲಿ ಈ ಎರಡನೆಯದು ಅಪರೂಪವಲ್ಲ. ಅಲ್ಲಿ ತಂತಿ ಬ್ರಶ್ಶಿನಿಂದ ಉಜ್ಜಿ ಬಿರುಕು ಇದೆಯೇ ನೋಡಲೇಬೇಕು.

ಕೊನೆಗೆ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಅಲುಗಿಸಿ. ತಿರುಗಿಸುವುದಲ್ಲ, ಅಲುಗಿಸುವುದು. ಕಟಕಟ ಎಂದರೆ ಕಂಬದ ಮೇಲಿನ ಬುಶ್ ಅಥವಾ ಬೇರಿಂಗ್ ಹೋಗಿದೆ, ಇಲ್ಲವೇ ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಕೆ ಸಡಿಲವಾಗಿದೆ. ಹಿಡಿಕೆಯ ಬೋಲ್ಟು ಬಿಗಿ ಮಾಡಿದ ಮೇಲೂ ಅಲುಗಾಟ ನಿಲ್ಲದಿದ್ದರೆ ಕಂಬ ಬಿಚ್ಚುವ ಕೆಲಸ ಇದೆಯೆಂದು ತಿಳಿಯಿರಿ. ಸ್ಟೇರಿಂಗ್ ಬಿಗಿಯಾಗಿದೆ ಎಂಬ ದೂರಿದ್ದರೆ ಮುಂದಿನ ಗಾಲಿ ಎರಡನ್ನೂ ನೆಲ ಬಿಟ್ಟು ಎತ್ತಿ ತಿರುಗಿಸಿ ನೋಡಬೇಕು. ಆಗಲೂ ಬಿಗಿ ಇದ್ದರೆ ಕಂಬ, ಪೆಟ್ಟಿಗೆ, ಕಿಂಗ್ ಪಿನ್ ಈ ಮೂರರಲ್ಲಿ ಒಂದು. ಕೀಲು ಬಿಡಿಸಿದ ಮೇಲೆ ಚಕ್ರ ಹಗುರವಾಗಿ ತಿರುಗಿದರೆ ಕಂಬ ನಿರಪರಾಧಿ.

ತಯಾರಿ

ಪಾನಾ ಸೆಟ್ಟು, ಗೂಟದ ಪಾನಾ, ಇಕ್ಕಳ, ಸರ್ಕ್ಲಿಪ್ ತೆಗೆಯುವ ಇಕ್ಕಳ, ಸ್ಕ್ರೂ ಡ್ರೈವರು, ತಂತಿ ಬ್ರಶ್ಶು, ಸ್ವಲ್ಪ ಬಿಳಿ ಬಣ್ಣ, ಸೀಮೆಎಣ್ಣೆ ಅಥವಾ ಡೀಸೆಲ್, ಗ್ರೀಸು. ಇಷ್ಟರ ಜೊತೆಗೆ ಒಂದು ಪುಲ್ಲರ್. ಇದು ನಿಮ್ಮಲ್ಲಿ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿರಿ. ಪುಲ್ಲರ್ ಇಲ್ಲದೆ ಕೆಲಸ ಆರಂಭಿಸಬೇಡಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ರಾತ್ರಿಯಿಡೀ ನೆನೆದ ಬೋಲ್ಟು ಬೆಳಿಗ್ಗೆ ಮಾತು ಕೇಳುತ್ತದೆ.

ಗಾಡಿ ಗಟ್ಟಿ ನೆಲದ ಮೇಲೆ ನಿಲ್ಲಲಿ. ಕೈ ಬ್ರೇಕ್ ಎಳೆದು ಹಿಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಇಡಿ. ಮುಂಭಾಗ ಎತ್ತಬೇಕಾದರೆ ಕಬ್ಬಿಣದ ಸ್ಟ್ಯಾಂಡು ಅಥವಾ ದಪ್ಪ ಮರದ ದಿಮ್ಮಿಯ ಮೇಲೆಯೇ ಕೂಡಿಸಿ. ಅಂಗಳದಲ್ಲಿ ಚಿರೇಕಲ್ಲು ರಾಶಿ ಇದೆಯೆಂದು ಅದನ್ನೇ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಪ್ರಾಣಕ್ಕೆ ಎರವಾಗುವ ರೂಢಿ. ಚಿರೇಕಲ್ಲು ಗೋಡೆಯಲ್ಲಿ ಭಾರ ಹೊರುತ್ತದೆ, ಯಾಕೆಂದರೆ ಅಲ್ಲಿ ಭಾರ ಕಲ್ಲಿನ ಮೇಲೆಲ್ಲ ಹಂಚಿರುತ್ತದೆ. ಗಾಡಿಯ ಚಾಸಿನ ಮೂಲೆಯ ಕೆಳಗೆ ಅದೇ ಕಲ್ಲು ಸದ್ದಿಲ್ಲದೆ ಪುಡಿಯಾಗುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೂ ಹೋಗಬೇಡಿ.

ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ. ಹಾರ್ನು, ಇಂಡಿಕೇಟರು, ಕೀಲಿಯ ತಂತಿಗಳೆಲ್ಲ ಈ ಕಂಬದ ಮೇಲೇ ಇರುವುದರಿಂದ ತಂತಿ ಸೋಕಿ ಕಿಡಿ ಹಾರುವುದುಂಟು. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬಿ ಇದ್ದರೆ ಕೇಳಬೇಡಿ.

ಚಕ್ರ ತೆಗೆಯುವುದು

ಗಾಲಿಗಳನ್ನು ನೆಟ್ಟಗೆ ಮಾಡಿ, ಚಕ್ರದ ಅಡ್ಡ ಕಡ್ಡಿಗಳು ಹೇಗೆ ನಿಂತಿವೆ ನೋಡಿಟ್ಟುಕೊಳ್ಳಿ. ನಡುವಿನ ಹಾರ್ನ್ ಗುಂಡಿಯನ್ನು ತೆಗೆಯಿರಿ. ಕೆಲವು ಗಾಡಿಗಳಲ್ಲಿ ಅದನ್ನು ಒತ್ತಿ ತಿರುಗಿಸಬೇಕು, ಕೆಲವದರಲ್ಲಿ ಹಿಂದಿನಿಂದ ಸಣ್ಣ ಸ್ಕ್ರೂ ಇರುತ್ತದೆ. ಗುಂಡಿಯ ಕೆಳಗೆ ಸ್ಪ್ರಿಂಗು, ಬಿಲ್ಲೆಗಳಿದ್ದರೆ ತೆಗೆದ ಕ್ರಮದಲ್ಲಿಯೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ಕೈಯಲ್ಲಿ ಮೊಬೈಲು ಇದ್ದರೆ ಪ್ರತಿ ಹಂತದಲ್ಲೂ ಒಂದು ಚಿತ್ರ ತೆಗೆದುಕೊಳ್ಳಿ. ಹಿಂದಿನವರಿಗೆ ಈ ಅನುಕೂಲ ಇರಲಿಲ್ಲ.

ಒಳಗೆ ದೊಡ್ಡ ನಟ್ಟು ಕಾಣುತ್ತದೆ. ದಂಡದ ತುದಿಗೂ ಚಕ್ರದ ಗುಂಬಕ್ಕೂ ಸೇರಿಸಿ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಸುಣ್ಣ, ಸೀಮೆಸುಣ್ಣ ಬೇಡ, ಎಣ್ಣೆ ಬಿದ್ದರೆ ಅಳಿಸಿಹೋಗುತ್ತದೆ. ನಂತರ ನಟ್ಟನ್ನು ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಮೂರು ನಾಲ್ಕು ಸುತ್ತು ಹಿಡಿದಿರಲಿ. ಪುಲ್ಲರನ್ನು ಕೂಡಿಸಿ ನಡುವಿನ ತಿರುಪನ್ನು ಬಿಗಿ ಮಾಡುತ್ತಾ ಹೋದರೆ ಚಕ್ರ ‘ಟಣ್’ ಎಂದು ಬಿಡುತ್ತದೆ. ನಟ್ಟು ಪೂರ್ತಿ ತೆಗೆದಿದ್ದರೆ ಆ ಹೊತ್ತಿಗೆ ಅದು ನೇರ ನಿಮ್ಮ ಮೂಗಿಗೆ ಬರುತ್ತದೆ.

ಚಕ್ರ ಬಿಡದಿದ್ದರೆ ದಂಡದ ತಲೆಗೆ ಸುತ್ತಿಗೆಯಿಂದ ಹೊಡೆಯುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಇದನ್ನು ಖಂಡಿತ ಮಾಡಕೂಡದು. ಜೀಪಿನ ಬಗೆಯಲ್ಲಿ ಆ ಪೆಟ್ಟು ದಂಡದ ಮೂಲಕ ನೇರ ಪೆಟ್ಟಿಗೆಯ ಬೇರಿಂಗಿಗೆ ಹೋಗಿ ಗುಂಡುಗಳು ಓಡುವ ದಾರಿಯಲ್ಲಿ ಕುಳಿ ಬೀಳುತ್ತದೆ. ಆಮೇಲೆ ಚಕ್ರ ತಿರುಗಿಸಿದಾಗಲೆಲ್ಲ ಕಲ್ಲು ಸಿಕ್ಕಿದಂತೆ ಗೊರಗೊರ ಎನ್ನುತ್ತದೆ. ಈಚಿನ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ಹಳೆಯ ಕಾಲದ ಕಂಬ ಈಟಿಯಂತೆ ಗಟ್ಟಿ. ಎದುರು ಬದುರು ಡಿಕ್ಕಿಯಾದರೆ ಅದು ಚಾಲಕನ ಎದೆಗೇ ನುಗ್ಗುತ್ತಿತ್ತು. ಇದನ್ನು ತಪ್ಪಿಸಲೆಂದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ 1967ರ ಮಾದರಿಯ ಕಾರುಗಳಲ್ಲಿ ಡಿಕ್ಕಿಯ ಪೆಟ್ಟಿಗೆ ತಾನೇ ಕುಗ್ಗುವ ಕಂಬ ಹಾಕಿತು. ಅಂಥ ಕಂಬ ಕ್ರಮೇಣ ನಮ್ಮ ದೇಶದ ಗಾಡಿಗಳಿಗೂ ಬಂದಿದೆ. ಇದರಲ್ಲಿ ಒಂದರೊಳಗೊಂದು ಜಾರುವ ಎರಡು ಕೊಳವೆಗಳನ್ನು ಸಣ್ಣ ಪ್ಲಾಸ್ಟಿಕ್ ಪಿನ್ನು ಹಿಡಿದಿರುವುದುಂಟು. ಸುತ್ತಿಗೆಯ ಒಂದು ಪೆಟ್ಟಿಗೆ ಪಿನ್ನು ಮುರಿದು ಕಂಬ ಗಿಡ್ಡವಾಗುತ್ತದೆ. ಮತ್ತೆ ಎಳೆದು ಉದ್ದ ಮಾಡಿದರೆ ಅದು ಮೊದಲಿನ ಕಂಬ ಆಗಲಾರದು.

ಕಂಬ ಹೊರತೆಗೆಯುವುದು

ಚಕ್ರ ಹೋದ ಮೇಲೆ ಕಂಬದ ಸುತ್ತಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ, ಇಂಡಿಕೇಟರ್ ಮತ್ತು ದೀಪದ ಸ್ವಿಚ್ಚನ್ನು ಅದರ ತಂತಿ ಜೋಡಣೆಯಿಂದ ಕಳಚಿ. ಹಳೆಯ ಗಾಡಿಗಳಲ್ಲಿ ಯಾರೋ ಹಿಂದೆ ತಂತಿ ಕತ್ತರಿಸಿ ಟೇಪು ಸುತ್ತಿರುತ್ತಾರೆ. ಅಂಥ ತಂತಿಗೆ ಜೋಡಿ ಜೋಡಿಯಾಗಿ ನೂಲು ಕಟ್ಟಿ ಗುರುತಿಡಿ. ಕಂಬದ ಮೇಲೆಯೇ ಕೀಲಿ ಮತ್ತು ಬೀಗ ಇದ್ದರೆ ಕೀಲಿಯನ್ನು ಒಳಗೇ ಬಿಟ್ಟು ಬೀಗ ತೆರೆದ ಸ್ಥಿತಿಯಲ್ಲಿಡಿ. ಆ ಬೀಗದ ಬೋಲ್ಟಿನ ತಲೆ ಬೇಕೆಂದೇ ಮುರಿದು ಹಾಕಿರುತ್ತಾರೆ, ಕಳ್ಳರು ಬಿಚ್ಚಬಾರದೆಂದು. ಅದನ್ನು ಬಿಚ್ಚುವ ಗೊಡವೆಗೆ ಹೋಗದೆ ಕಂಬದ ಜೊತೆಗೇ ತೆಗೆಯಿರಿ.

ಕೀಲಿನ ಬಗೆಯಾದರೆ ಮುಂದಿನ ಕೆಲಸ ಸುಲಭ. ಕೀಲನ್ನು ದಂಡಕ್ಕೆ ಬಿಗಿದ ಬೋಲ್ಟನ್ನು ಹುಡುಕಿ. ಕೀಲಿಗೂ ದಂಡಕ್ಕೂ ಸೇರಿಸಿ ಬಣ್ಣದ ಗೆರೆ ಹಾಕಿ. ಈ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು, ಯಾಕೆಂದರೆ ಅನೇಕ ಗಾಡಿಗಳಲ್ಲಿ ಅದು ದಂಡದಲ್ಲಿ ಕೊರೆದ ಗೀರಿನಲ್ಲಿ ಹಾದುಹೋಗುತ್ತದೆ. ಇದು ತಿಳಿಯದೆ ಸಡಿಲ ಮಾಡಿದ ಬೋಲ್ಟಿನ ಮೇಲೆ ಕೀಲನ್ನು ಬಡಿದು ಬಡಿದು ಹಾಳು ಮಾಡುವವರಿದ್ದಾರೆ. ನಂತರ ಡ್ಯಾಶ್‌ಬೋರ್ಡಿನ ಹಿಡಿಕೆಯ ಬೋಲ್ಟು, ನೆಲಹಾಸಿನ ತಟ್ಟೆಯ ಬೋಲ್ಟು ಬಿಚ್ಚಿ ಕಂಬವನ್ನು ಚಾಲಕನ ಆಸನದ ಕಡೆಗೆ ಮೆಲ್ಲನೆ ಎಳೆದರೆ ಬರುತ್ತದೆ. ಹಿಡಿಕೆಯ ಕೆಳಗೆ ತೆಳು ತಗಡಿನ ಬಿಲ್ಲೆಗಳಿದ್ದರೆ ಎಷ್ಟು, ಯಾವ ಬದಿ ಎಂದು ಬರೆದಿಡಿ.

ಜೀಪಿನ ಬಗೆಯಲ್ಲಿ ಒಂದು ವಿಶೇಷವಿದೆ. ಮೇಲಿನ ಬೇರಿಂಗ್ ಮಾತ್ರ ಹೋಗಿದ್ದರೆ ಪೆಟ್ಟಿಗೆಯನ್ನು ಮುಟ್ಟುವುದೇ ಬೇಡ. ಚಕ್ರ ತೆಗೆದರೆ ಅದರ ಕೆಳಗೇ ಸ್ಪ್ರಿಂಗು, ಅದರ ಕೂಡುಬಿಲ್ಲೆ, ಬೇರಿಂಗು ಸಿಗುತ್ತವೆ. ಹೊರಗಿನ ಕೊಳವೆಯನ್ನೂ ತೆಗೆಯಬೇಕಾದರೆ ಹಾರ್ನಿನ ತಂತಿ ಬಿಡಿಸಿ, ಡ್ಯಾಶ್‌ಬೋರ್ಡಿನ ಹಿಡಿಕೆಯನ್ನೂ ಪೆಟ್ಟಿಗೆಯ ಬಾಯಿಯಲ್ಲಿರುವ ಪಟ್ಟಿಯನ್ನೂ ಸಡಿಲಿಸಿ ಮೇಲಕ್ಕೆ ಜಾರಿಸಬೇಕು. ದಂಡವನ್ನೇ ತೆಗೆಯಬೇಕೆಂದರೆ ಮಾತ್ರ ಪೆಟ್ಟಿಗೆ ಸಮೇತ ಇಳಿಸಬೇಕು, ಏಕೆಂದರೆ ಎರಡೂ ಒಂದೇ. ಆಗ ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕ್ ಕಳಚಿ, ಪೆಟ್ಟಿಗೆಯನ್ನು ಚಾಸಿಗೆ ಬಿಗಿದ ಬೋಲ್ಟು ತೆಗೆದು, ನೆಲಹಾಸಿನ ತಟ್ಟೆ ಬಿಚ್ಚಿ ಇಬ್ಬರು ಹಿಡಿದು ಹೊರತೆಗೆಯತಕ್ಕದ್ದು. ಯಾವ ದಾರಿಯಿಂದ ಹೊರಬರುತ್ತದೆಂಬುದು ಆ ಗಾಡಿಯ ಕಟ್ಟೋಣದ ಮೇಲೆ ಹೋಗುತ್ತದೆ. ಮಡ್‌ಗಾರ್ಡ್ ಅಡ್ಡ ಬಂದರೆ ಅದನ್ನು ಬಿಚ್ಚಿ, ದಂಡವನ್ನು ಬಗ್ಗಿಸಬೇಡಿ. ಡ್ರಾಪ್ ಆರ್ಮ್ ತೆಗೆಯುವುದಿದ್ದರೆ ಅದಕ್ಕೂ ಗುರುತು ಹಾಕಿ, ಅದಕ್ಕೂ ಪುಲ್ಲರೇ ಬೇಕು.

ಕಂಬ ಹೊರಗಿರುವಷ್ಟು ಹೊತ್ತು ಗಾಲಿಗಳನ್ನು ಯಾರೂ ತಿರುಗಿಸಕೂಡದು. ಮಕ್ಕಳು ಬಂದು ಆಡುವ ಜಾಗವಾದರೆ ಮೊದಲೇ ಹೇಳಿಡಿ.

ಬಿಡಿಬಿಡಿಯಾಗಿ ಮಾಡುವುದು

ಹೊರತೆಗೆದ ಕಂಬವನ್ನು ಹಲಗೆಯ ಮೇಲೆ ಮಲಗಿಸಿ, ಹೊರಗಿನ ಕೆಸರನ್ನೆಲ್ಲ ಒರೆಸಿ. ಮೇಲ್ತುದಿಯಲ್ಲಿ ಸರ್ಕ್ಲಿಪ್, ಅದರ ಕೆಳಗೆ ವಾಶರು, ಸ್ಪ್ರಿಂಗು ಇರುತ್ತವೆ. ಸರ್ಕ್ಲಿಪ್ ತೆಗೆಯುವಾಗ ಬಟ್ಟೆ ಮುಚ್ಚಿಕೊಳ್ಳಿ, ಹಾರಿಹೋದರೆ ಹುಲ್ಲಿನಲ್ಲಿ ಸಿಗುವುದಿಲ್ಲ, ಕಣ್ಣಿಗೂ ಅಪಾಯ. ಆಮೇಲೆ ದಂಡವನ್ನು ಹೊರ ಕೊಳವೆಯಿಂದ ಕೈಯಿಂದಲೇ ಜಾರಿಸಬಹುದು. ಬರದಿದ್ದರೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟು ಕಾಯಿರಿ. ಮರದ ತುಂಡಿಟ್ಟು ಹಗುರಾಗಿ ತಟ್ಟಬಹುದು, ಆದರೆ ಕುಗ್ಗುವ ಬಗೆಯ ಕಂಬಕ್ಕೆ ಅದೂ ಬೇಡ.

ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು ಬಿಸಿಲಿನಲ್ಲಿ ಒಣಗಿಸಿ. ರಬ್ಬರ್ ಮತ್ತು ಪ್ಲಾಸ್ಟಿಕ್ ಬುಶ್ಶುಗಳನ್ನು ಸೀಮೆಎಣ್ಣೆಗೆ ಹಾಕದೆ ಸಾಬೂನು ನೀರಿನಲ್ಲಿ ತೊಳೆಯಿರಿ. ಈಗ ಪರೀಕ್ಷೆ. ದಂಡವನ್ನು ನೆಟ್ಟಗಿನ ಹಲಗೆಯ ಮೇಲೆ ಉರುಳಿಸಿದರೆ ಬಾಗಿದ್ದು ತಿಳಿಯುತ್ತದೆ. ಬುಶ್ ಕೂಡುವ ಜಾಗದಲ್ಲಿ ಉಗುರು ಎಳೆದು ನೋಡಿ, ಉಗುರು ಸಿಕ್ಕುವಷ್ಟು ಗೀರಿದ್ದರೆ ಹೊಸ ಬುಶ್ ಹಾಕಿಯೂ ಬಹಳ ದಿನ ಬಾಳುವುದಿಲ್ಲ. ತುದಿಯ ಹಲ್ಲುಗಳು ಚೂಪಾಗಿ ಮುರುಟಿದ್ದರೆ, ಕೆಳತುದಿಯಲ್ಲಿ ತುಕ್ಕು ತಿಂದು ದಂಡ ಸಣಕಲಾಗಿದ್ದರೆ ಆ ದಂಡವನ್ನು ಬಿಡಬೇಕು. ಕ್ರಾಸನ್ನು ಎಲ್ಲ ದಿಕ್ಕಿಗೂ ಮಡಿಸಿ ನೋಡಿ. ಎಲ್ಲಾದರೂ ಬಿಗಿ ಹಿಡಿದರೂ, ಕಡಕಡ ಆಡಿದರೂ ಹೊಸದು ಬೇಕು.

ಮೇಲಿನ ಬುಶ್ ಅಂಗಡಿಯಲ್ಲಿ ಸಿಗದಿದ್ದರೆ ಲೇತಿನಲ್ಲಿ ಹಿತ್ತಾಳೆಯದು ಮಾಡಿಸಬಹುದು. ಗ್ರೀಸು ನಿಲ್ಲಲು ಒಳಗೊಂದು ಗೀರಿರಲಿ, ದಂಡ ಅದರಲ್ಲಿ ಬೆರಳಿನಿಂದಲೇ ತಿರುಗುವಷ್ಟು ಸಡಿಲವಿರಲಿ. ತಿರುವಿನ ನಂತರ ಚಕ್ರ ತಾನಾಗಿ ನೆಟ್ಟಗಾಗಬೇಕು, ಬಿಗಿ ಬುಶ್ ಅದನ್ನು ತಡೆಯುತ್ತದೆ.

ಬೆಸುಗೆಯ ಮಾತು ಬಂದಾಗ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಬಿರಿದ ಸ್ಟೇರಿಂಗ್ ದಂಡಕ್ಕೆ, ಕೀಲಿಗೆ, ಡ್ರಾಪ್ ಆರ್ಮಿಗೆ ಬೆಸುಗೆ ಹಾಕಿಸಕೂಡದು. ಬಾಗಿದ್ದನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಲೂಕೂಡದು. ಈ ಸಾಮಾನುಗಳ ಉಕ್ಕನ್ನು ಕಾಯಿಸಿ ತಣಿಸಿ ಒಂದು ಹದಕ್ಕೆ ತಂದಿರುತ್ತಾರೆ. ಮತ್ತೆ ಕಾಯಿಸಿದರೆ ಆ ಹದ ಕೆಡುತ್ತದೆ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಬೆಸುಗೆಯ ಪಕ್ಕದಲ್ಲಿ ಒಂದು ದಿನ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಗದ್ದೆಯ ನೇಗಿಲಿಗೆ, ಟ್ರೇಲರಿನ ಕೊಂಡಿಗೆ ಬೆಸುಗೆ ಹಾಕಿಸುವ ಅಭ್ಯಾಸದಿಂದ ನಮ್ಮ ಜನ ಇದನ್ನೂ ಹಾಗೆಯೇ ಎಣಿಸುತ್ತಾರೆ. ಸಾಮಾನು ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸಿ, ಎರಡು ದಿನ ಗಾಡಿ ನಿಲ್ಲಲಿ. ಹಳೆಯ ಗಾಡಿಯಿಂದ ಕಳಚಿದ ಸಾಮಾನು ತರುವುದಾದರೆ ಬಣ್ಣ ಕೆರೆದು, ಬೆಸುಗೆಯ ಗುರುತು ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಣ ಕೊಡಿ.

ಪೆಟ್ಟಿಗೆಯನ್ನು ಮೇಸ್ತ್ರಿಗೆ ಬಿಡಿ

ಪೆಟ್ಟಿಗೆಯ ಒಳಗೆ ಕೈ ಹಾಕುವುದು ಅನುಭವಿಗಳ ಕೆಲಸ. ಗುಂಡುಗಳು ಸುತ್ತು ಹೊಡೆಯುವ ಬಗೆಯ ಪೆಟ್ಟಿಗೆಯಾದರೆ, ರಾಡು ಕಳಚಿದ ಮೇಲೆ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಜೋರಾಗಿ ಬಡಿಯುವಂತೆ ತಿರುಗಿಸಬಾರದು. ಒಳಗಿನ ಗುಂಡುಗಳ ನಳಿಗೆ ಜಜ್ಜಿಹೋಗುತ್ತದೆ. ಆಟ ಕಡಿಮೆ ಮಾಡಲು ಪೆಟ್ಟಿಗೆಯ ಮೇಲೆ ಒಂದು ತಿರುಪು ಇರುತ್ತದೆ. ಇದನ್ನು ಕಂಡ ಕಂಡವರೆಲ್ಲ ತಿರುವುತ್ತಾರೆ. ಜೀಪಿನ ಪೆಟ್ಟಿಗೆಯಲ್ಲಿ ಕ್ಯಾಮಿನ ಗೀರು ನಡುಭಾಗದಲ್ಲಿ ಬೇಕೆಂದೇ ಆಳ ಕಡಿಮೆ ಇರುತ್ತದೆ, ಗಾಡಿ ನೆಟ್ಟಗೆ ಹೋಗುವಾಗ ಆಟ ಇರಬಾರದೆಂದು. ಆದುದರಿಂದ ಈ ತಿರುಪನ್ನು ಸ್ಟೇರಿಂಗ್ ನಟ್ಟನಡುವೆ ಇರುವಾಗಲೇ ಹೊಂದಿಸತಕ್ಕದ್ದು. ಒಂದು ಬದಿಗೆ ತಿರುಗಿಸಿಟ್ಟು ಆಟ ತೆಗೆದರೆ ನಡುವಿಗೆ ಬಂದಾಗ ಸಿಕ್ಕಿಕೊಳ್ಳುತ್ತದೆ. ಸವೆತವೆಲ್ಲ ನಡುಭಾಗದಲ್ಲೇ ಆಗಿರುವ ಪೆಟ್ಟಿಗೆಗೆ ತಿರುಪಿನಿಂದ ಉಪಯೋಗವಿಲ್ಲ. ನಡುವೆ ಸರಿಮಾಡಿದರೆ ಬದಿಗಳಲ್ಲಿ ಬಿಗಿಯುತ್ತದೆ.

ಎಣ್ಣೆ ಸೋರುತ್ತದೆಂದು ಪೆಟ್ಟಿಗೆಗೆ ಗ್ರೀಸು ತುಂಬುವುದೂ ಸರಿಯಲ್ಲ. ಗ್ರೀಸನ್ನು ಹಲ್ಲುಗಳು ಬದಿಗೆ ತಳ್ಳುತ್ತವೆ, ಅದು ಮತ್ತೆ ಹರಿದು ಬರುವುದಿಲ್ಲ. ಸೀಲು ಬದಲಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ.

ಮತ್ತೆ ಕೂಡಿಸುವುದು

ಬಿಚ್ಚಿದ್ದರ ತಿರುಗುಮುರುಗು ಕ್ರಮವೇ ಕೂಡಿಸುವ ಕ್ರಮ. ಬುಶ್ಶಿಗೂ ಹಲ್ಲುಗಳಿಗೂ ತೆಳುವಾಗಿ ಗ್ರೀಸು ಸವರಿ. ಹಾರ್ನಿನ ತಂತಿಯ ಮೈ ಸವೆದಿದ್ದರೆ ಈಗಲೇ ಬದಲಿಸಿ, ಇಲ್ಲದಿದ್ದರೆ ತಿರುವಿನಲ್ಲೆಲ್ಲ ಹಾರ್ನು ತಾನೇ ಕೂಗುತ್ತದೆ. ಎರಡು ಕೀಲಿರುವ ದಂಡವಾದರೆ ಎರಡರ ಕವಲುಗಳೂ ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿದರೂ ಚಕ್ರ ಒಂದು ಸುತ್ತಿನಲ್ಲಿ ಎರಡು ಸಲ ಬಿಗಿ, ಎರಡು ಸಲ ಸಡಿಲ ಎನ್ನಿಸುತ್ತದೆ. ನೀವು ಹಾಕಿದ ಬಣ್ಣದ ಗೆರೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಗೆರೆ ಅಳಿಸಿದ್ದರೆ ರಾಡು ಬಿಡಿಸಿರುವ ಸ್ಥಿತಿಯಲ್ಲಿ ಚಕ್ರವನ್ನು ಮೆಲ್ಲನೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ. ಅದರ ಅರ್ಧವೇ ನಡುಬಿಂದು.

ಹಿಡಿಕೆಯ ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಕಂಬ ತನ್ನ ಜಾಗದಲ್ಲಿ ನೆಟ್ಟಗೆ ಕೂತು, ಚಕ್ರ ಸಲೀಸಾಗಿ ತಿರುಗುತ್ತದೆಂದು ನೋಡಿದ ಮೇಲೆ ಪೂರ್ತಿ ಬಿಗಿಯಿರಿ. ಓರೆಯಾಗಿ ಬಿಗಿದ ಕಂಬ ಹೊಸ ಬುಶ್ಶನ್ನು ತಿಂದುಹಾಕುತ್ತದೆ. ಕೀಲಿನ ಬೋಲ್ಟು ದಂಡದ ಗೀರಿನಲ್ಲೇ ಹೋಗಿದೆಯೇ ಎಂದು ಬೆರಳಿಟ್ಟು ನೋಡಿ. ಕೀಲು ಗೀರಿನವರೆಗೆ ಕೂಡದೆ ತುದಿಯಲ್ಲೇ ಹಿಡಿದಿದ್ದರೆ ಒಂದು ದಿನ ಕಳಚಿಕೊಳ್ಳುತ್ತದೆ. ಸ್ಪ್ಲಿಟ್ ಪಿನ್ನು, ತಾನಾಗಿ ಬಿಗಿಯುವ ನಟ್ಟುಗಳೆಲ್ಲ ಹೊಸವೇ ಆಗಬೇಕು. ಪಿನ್ನಿನ ಬದಲು ಮೊಳೆ, ತಂತಿ ಹಾಕುವುದು ಬೇಡ. ಕೊನೆಗೆ ನೆಲಹಾಸಿನ ರಬ್ಬರ್ ಟೋಪಿ ಹೊಸದು ಹಾಕಿ. ಬ್ಯಾಟರಿ ಸೇರಿಸಿ ಹಾರ್ನು, ಇಂಡಿಕೇಟರು, ದೀಪ ನೋಡಿ. ಕೀಲಿಯ ಬೀಗ ಸರಿಯಾಗಿ ಬೀಳುತ್ತದೆಯೇ, ತೆರೆಯುತ್ತದೆಯೇ ಎಂದು ನಾಲ್ಕು ಸಲ ಪರೀಕ್ಷಿಸಿ.

ಮೊದಲ ಓಟ ಖಾಲಿ ಗಾಡಿಯಲ್ಲಿ, ಕೊಯ್ದ ಗದ್ದೆಯಲ್ಲೋ ಬಯಲಿನಲ್ಲೋ ಆಗಲಿ. ಎರಡೂ ಬದಿಗೆ ಪೂರ್ತಿ ತಿರುಗಿಸಿ, ತಿರುವಿನ ನಂತರ ಚಕ್ರ ತಾನಾಗಿ ನಡುವಿಗೆ ಬರುತ್ತದೆಯೇ ನೋಡಿ. ಬ್ರೇಕ್ ಒತ್ತಿದಾಗ ಚಕ್ರ ಒಂದು ಬದಿಗೆ ಎಳೆಯಬಾರದು. ಆಮೇಲೆ ಹಳ್ಳಿ ರಸ್ತೆ, ಆಮೇಲೆ ಹಿಂದೆ 17 ಎನ್ನುತ್ತಿದ್ದ ಈಗಿನ 66ನೆಯ ಹೆದ್ದಾರಿ. ಒಂದು ವಾರ ಕಳೆದು, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಅಷ್ಟಾಗುವವರೆಗೆ ಭಾರ ತುಂಬಿ ಸುಂಕಸಾಳ, ರಾಮನಗುಳಿ ದಾಟಿ ಘಟ್ಟ ಹತ್ತಬೇಡಿ. ಹುಬ್ಬಳ್ಳಿಯ ಬಾಡಿಗೆ ಎಷ್ಟೇ ಒಳ್ಳೆಯದಿರಲಿ, ಆ ವಾರ ಬೇರೆ ಗಾಡಿಗೆ ಹೋಗಲಿ.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕಾಗುತ್ತದೆ. ಆ ತಾರೀಖಿಗೆ ಒಂದು ತಿಂಗಳು ಮುಂಚೆ ಮೇಲೆ ಹೇಳಿದ ಗಡಿಯಾರದ ಪರೀಕ್ಷೆ ಮಾಡಿಕೊಂಡರೆ ಸಾಮಾನು ತರಿಸಲು ಸಮಯ ಸಿಗುತ್ತದೆ. ಮೀನು ಹೊತ್ತ ದಿನ ಸಂಜೆ ಬಾವಿಯ ಸಿಹಿನೀರಿನಿಂದ ಗಾಡಿಯ ಅಡಿಭಾಗವನ್ನು, ಮುಖ್ಯವಾಗಿ ಪೆಟ್ಟಿಗೆ ಮತ್ತು ಕೀಲಿನ ಸುತ್ತ ತೊಳೆಯಿರಿ. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಗ್ರೀಸು ಹಾಕಿ. ಗ್ರೀಸಿನ ನಿಪ್ಪಲ್ಲಿನಿಂದ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ನಿಪ್ಪಲ್ಲು ಕಟ್ಟಿಕೊಂಡಿದ್ದರೆ ಬಿಟ್ಟುಬಿಡದೆ ಹೊಸದು ಹಾಕಿಸಿ.